ಅಪ್ಪಣೆ ಬೇರೆ, ಶಕ್ತಿ ಬೇರೆ: 1898ರ ಟೆಸ್ಲಾ ದೋಣಿಯ ಅಂಗಗಳ ಪರಿಶೀಲನೆ

ನಿಕೋಲಾ ಟೆಸ್ಲಾನ (1856–1943) ಹೆಸರು ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಪರ್ಯಾಯ ವಿದ್ಯುತ್ಪ್ರವಾಹದ ಪಾಠದಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಬಂದದ್ದು ಈ ಬಗೆಯ ಪ್ರವಾಹವೇ. ಅದರ ಬಹುಹಂತದ ಪದ್ಧತಿಯನ್ನು ರೂಪಿಸಿದವರಲ್ಲಿ ಟೆಸ್ಲಾ ಅಗ್ರಗಣ್ಯನೆಂಬುದು ಸರ್ವವಿದಿತ. ಅದೇ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯನ್ನು ಯಾವ ತಂತಿಯ ಸಂಬಂಧವೂ ಇಲ್ಲದೆ ದೂರದಿಂದ ನಡೆಸಿ ತೋರಿಸಿದನು. ಈ ಸಂಗತಿಯನ್ನು ಒಂದು ಕುತೂಹಲದ ಕಥೆಯೆಂದು ಹೇಳಿ ಮುಂದೆ ಸಾಗುವುದೇ ವಾಡಿಕೆಯಾಗಿದೆ. ಕಥೆಯಾಗಿ ಹೇಳುವಾಗ ಎರಡು ತಪ್ಪು ಭಾವನೆಗಳು ಅದರೊಡನೆ ಸೇರಿಕೊಳ್ಳುತ್ತವೆ. ದೋಣಿಯನ್ನು ಓಡಿಸಿದ ಶಕ್ತಿಯೇ ಗಾಳಿಯ ಮೂಲಕ ಬಂದಿತೆಂಬುದು ಒಂದು; ಮಹಾಪ್ರತಿಭೆಯೊಂದು ಹಿಂದುಮುಂದಿಲ್ಲದೆ ಶೂನ್ಯದಿಂದ ಈ ಯಂತ್ರವನ್ನು ಸೃಷ್ಟಿಸಿತೆಂಬುದು ಮತ್ತೊಂದು. ಇವೆರಡೂ ಸರಿಯಲ್ಲವೆಂಬುದನ್ನು ಆ ದೋಣಿಯ ಅಂಗಗಳನ್ನು ಒಂದೊಂದಾಗಿ ಪರೀಕ್ಷಿಸಿ ತೋರಿಸುವುದು ಈ ಲೇಖನದ ಉದ್ದೇಶ.

ಇದಕ್ಕೆ ಮುಖ್ಯ ಆಧಾರ ಟೆಸ್ಲಾನ ಪೇಟೆಂಟು ಪತ್ರವೇ. ಚಲಿಸುವ ನೌಕೆಗಳ ಮತ್ತು ವಾಹನಗಳ ಯಂತ್ರವನ್ನು ದೂರದಿಂದ ನಿಯಂತ್ರಿಸುವ ವಿಧಾನಕ್ಕೂ ಉಪಕರಣಕ್ಕೂ ಸಂಬಂಧಪಟ್ಟ ಈ ಪತ್ರಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದ ಪೇಟೆಂಟುಗಳಲ್ಲಿ 613,809 ಎಂಬ ಸಂಖ್ಯೆಯಿದೆ. ಅರ್ಜಿ ಸಲ್ಲಿಸಿದ್ದು 1898ರ ಜುಲೈ 1. ಮಂಜೂರಾದದ್ದು ಅದೇ ವರ್ಷದ ನವೆಂಬರ್ 8. ಹೇಳಿದುದು ನಂಬಲಸಾಧ್ಯವೆಂದು ತೋರಿದ್ದರಿಂದ ಮುಖ್ಯ ಪರೀಕ್ಷಕನು ತಾನೇ ನ್ಯೂಯಾರ್ಕಿಗೆ ಬಂದು ದೋಣಿಯ ಆಟವನ್ನು ಕಂಡಮೇಲೆಯೇ ಪೇಟೆಂಟು ದೊರೆಯಿತೆಂದು ಟೆಸ್ಲಾ 1919ರಲ್ಲಿ ಬರೆದ ಆತ್ಮವೃತ್ತದಲ್ಲಿ ಹೇಳಿಕೊಂಡಿದ್ದಾನೆ. ಆತ್ಮವೃತ್ತದ ಮಾತನ್ನು ಎಚ್ಚರದಿಂದ ಸ್ವೀಕರಿಸಬೇಕೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಆದರೆ ಪೇಟೆಂಟು ಪತ್ರದ ಚಿತ್ರಗಳಿಗೂ ವಿವರಣೆಗಳಿಗೂ ಆ ದೋಷವಿಲ್ಲ. ಅಲ್ಲಿ ಪ್ರತಿಯೊಂದು ಚಕ್ರಕ್ಕೂ ಪ್ರತಿಯೊಂದು ಸುರುಳಿಗೂ ಅಕ್ಷರದ ಗುರುತಿದೆ.

1. ಹಿನ್ನೆಲೆ

1898ಕ್ಕೆ ಮುಂಚೆ ಈ ದೋಣಿಗೆ ಬೇಕಾದ ಭಾಗಗಳು ಬೇರೆಬೇರೆ ಕೈಗಳಲ್ಲಿ ಬೇರೆಬೇರೆ ಉದ್ದೇಶಗಳಿಗಾಗಿ ಸಿದ್ಧವಾಗಿದ್ದುವು. ವಿದ್ಯುತ್ತಿನಿಂದ ದೋಣಿಯನ್ನು ನಡೆಸುವ ಪ್ರಯತ್ನ ಹಳೆಯದು. ಮೋರಿಟ್ಸ್ ಯಾಕೋಬಿಯು 1838ರಷ್ಟು ಹಿಂದೆಯೇ ಸೇಂಟ್ ಪೀಟರ್ಸ್‌ಬರ್ಗಿನ ನೀವಾ ನದಿಯಲ್ಲಿ ಜನರನ್ನು ಹೊತ್ತ ವಿದ್ಯುತ್ ದೋಣಿಯನ್ನು ಓಡಿಸಿದ್ದನು. ಆಗ ಅವನಿಗೆ ದೊರೆಯುತ್ತಿದ್ದುದು ಸತುವು ಕರಗಿ ಸವೆದುಹೋಗುವ ವಿದ್ಯುತ್ಕೋಶಗಳು ಮಾತ್ರ. ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಸಂಚಯಕವನ್ನು ನಿರ್ಮಿಸಿ, ಕಮೀಲ್ ಫೋರ್ 1881ರಲ್ಲಿ ಅದನ್ನು ಸುಧಾರಿಸಿದ ಬಳಿಕ, ಬರಿದಾದ ಶಕ್ತಿಯನ್ನು ಮತ್ತೆ ತುಂಬಿಕೊಳ್ಳುವ ಕೋಶ ಕೈಗೆ ಬಂದಿತು. ಅದೇ 1881ರಲ್ಲಿ ಗುಸ್ತಾವ್ ತ್ರೂವೆ ಪ್ಯಾರಿಸಿನ ಸೇನ್ ನದಿಯಲ್ಲಿ ವಿದ್ಯುತ್ ದೋಣಿಯನ್ನು ನಡೆಸಿದನು. 1893ರ ಚಿಕಾಗೋ ಪ್ರದರ್ಶನದ ಕೊಳಗಳಲ್ಲಿ ಇಂಥ ದೋಣಿಗಳು ಪ್ರೇಕ್ಷಕರನ್ನು ಹೊತ್ತು ದಿನವೂ ಸಂಚರಿಸಿದುವು.

ದೂರದಿಂದ ನಿಯಂತ್ರಿಸುವ ಪ್ರಯತ್ನವೂ ಹೊಸದಲ್ಲ. ಆದರೆ ಅದು ತಂತಿಯನ್ನು ಅವಲಂಬಿಸಿತ್ತು. ಲೂಯಿ ಬ್ರೆನನ್ 1877ರಲ್ಲಿ ಪೇಟೆಂಟು ಪಡೆದ ಟಾರ್ಪೀಡೋವಿನ ಒಳಗೆ ಎರಡು ಉರುಳೆಗಳಿಗೆ ತಂತಿಯನ್ನು ಸುತ್ತಿತ್ತು. ದಡದಲ್ಲಿದ್ದ ಯಂತ್ರ ಆ ತಂತಿಗಳನ್ನು ರಭಸದಿಂದ ಹಿಂದಕ್ಕೆಳೆದಾಗ ಉರುಳೆಗಳು ತಿರುಗಿ ಟಾರ್ಪೀಡೋ ಮುಂದಕ್ಕೆ ಹೋಗುತ್ತಿತ್ತು. ಎರಡರಲ್ಲಿ ಒಂದನ್ನು ಹೆಚ್ಚು ಎಳೆದರೆ ಚುಕ್ಕಾಣಿ ತಿರುಗುತ್ತಿತ್ತು. ಸಿಮ್ಸ್–ಎಡಿಸನ್ ಟಾರ್ಪೀಡೋವಿನಲ್ಲಿ ತಂತಿಯ ಮೂಲಕ ವಿದ್ಯುತ್ತೇ ದಡದಿಂದ ಹರಿಯುತ್ತಿತ್ತು. ಈ ಎರಡು ಉದಾಹರಣೆಗಳಲ್ಲಿಯೂ ಒಂದು ಸಮಾನ ಲಕ್ಷಣವನ್ನು ಗಮನಿಸಬೇಕು: ನಡೆಸುವ ಶಕ್ತಿಯೂ ನಡೆಯ ಅಪ್ಪಣೆಯೂ ಒಂದೇ ತಂತಿಯಲ್ಲಿ ಕೂಡಿಕೊಂಡು ಹೋಗುತ್ತಿದ್ದುವು. ಆದ್ದರಿಂದ ಅವನ್ನು ಎರಡೆಂದು ಎಣಿಸಬೇಕಾದ ಅಗತ್ಯ ಯಾರಿಗೂ ತೋರಿರಲಿಲ್ಲ.

ಮೂರನೆಯದು ತರಂಗಗಳ ವಿದ್ಯೆ. ಹೈನ್ರಿಕ್ ಹರ್ಟ್ಸ್ 1887–88ರಲ್ಲಿ ವಿದ್ಯುತ್ಕಾಂತ ತರಂಗಗಳನ್ನು ಉತ್ಪಾದಿಸಿ ತೋರಿಸಿದನು. 1890ರಲ್ಲಿ ಎದ್ವಾರ್ ಬ್ರಾನ್ಲಿ ಲೋಹದ ಪುಡಿಯ ಒಂದು ವಿಚಿತ್ರ ಗುಣವನ್ನು ಕಂಡನು. ಸಡಿಲವಾಗಿ ತುಂಬಿದ ಪುಡಿ ಸಾಮಾನ್ಯವಾಗಿ ವಿದ್ಯುತ್ತಿಗೆ ದಾರಿಗೊಡುವುದಿಲ್ಲ. ಹತ್ತಿರದಲ್ಲಿ ಕಿಡಿ ಸಿಡಿದೊಡನೆ ಕಣಗಳು ಒಂದಕ್ಕೊಂದು ಅಂಟಿದಂತಾಗಿ ಪ್ರವಾಹ ಹರಿಯುತ್ತದೆ. ಆಲಿವರ್ ಲಾಡ್ಜ್ ಈ ಸಾಧನವನ್ನು ಕೊಹೀರರ್ ಎಂದು ಕರೆದು 1894ರಲ್ಲಿ ತರಂಗಗಳನ್ನು ಗುರುತಿಸಲು ಬಳಸಿದನು. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಟೌನ್ ಹಾಲಿನಲ್ಲಿ ಗೋಡೆಗಳನ್ನು ಹಾದುಹೋದ ತರಂಗಗಳಿಂದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಹೊತ್ತಿಸಿ ತೋರಿಸಿದರು. ದೂರದಿಂದ ಬಂದ ಅತಿ ದುರ್ಬಲವಾದ ತರಂಗ, ಸ್ಥಳದಲ್ಲಿಯೇ ಕೂಡಿಟ್ಟ ಶಕ್ತಿಯನ್ನು ಬಿಡುಗಡೆ ಮಾಡಬಲ್ಲುದೆಂಬ ತತ್ತ್ವ ಈ ಪ್ರಯೋಗದಲ್ಲಿ ಸ್ಪಷ್ಟವಾಗಿದೆ. ಟೆಸ್ಲಾ ದೋಣಿಯ ಬೀಜವೂ ಇದೇ ತತ್ತ್ವ. ಮದ್ದು ಒಮ್ಮೆ ಸಿಡಿದರೆ ಮುಗಿಯಿತು. ದೋಣಿಯನ್ನಾದರೋ ಕ್ಷಣಕ್ಷಣಕ್ಕೂ ಆಳಬೇಕು. ವ್ಯತ್ಯಾಸವಿರುವುದು ಇಲ್ಲಿ.

2. ಶಕ್ತಿಯ ಆಯ್ಕೆ

ಪೇಟೆಂಟಿನ ಚಿತ್ರದಲ್ಲಿ ಕಾಣುವ ದೋಣಿಯ ಹಿಂಬದಿಯಲ್ಲಿ ಒಂದು ಪ್ರೊಪೆಲರಿದೆ. ಅದರ ದಂಡಕ್ಕೆ ನೇರವಾಗಿ ಒಂದು ವಿದ್ಯುತ್ ಮೋಟಾರನ್ನು ಜೋಡಿಸಿದೆ. ಮೋಟಾರಿಗೆ ಶಕ್ತಿ ಬರುವುದು ದೋಣಿಯೊಳಗೇ ಇಟ್ಟ ಸಂಚಯಕಗಳಿಂದ.

ಪರ್ಯಾಯ ಪ್ರವಾಹದ ಪ್ರತಿಪಾದಕನಾಗಿ ಹೆಸರಾದ ಮನುಷ್ಯನು ತನ್ನ ದೋಣಿಗೆ ಏಕಮುಖ ಪ್ರವಾಹವನ್ನು ಆರಿಸಿಕೊಂಡದ್ದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ವಿಚಾರಮಾಡಿದರೆ ಬೇರೆ ದಾರಿಯೇ ಇರಲಿಲ್ಲವೆಂದು ತಿಳಿಯುತ್ತದೆ. ಪರ್ಯಾಯ ಪ್ರವಾಹದ ಹಿರಿಮೆಯಿರುವುದು ದೂರ ಸಾಗುವುದರಲ್ಲಿ. ಅದನ್ನು ಕೂಡಿಡಲು ಬರುವುದಿಲ್ಲ. ತಂತಿಯನ್ನು ಕಳಚಿಕೊಂಡ ದೋಣಿಗೆ ಬೇಕಾದದ್ದು ಕೂಡಿಟ್ಟ ಶಕ್ತಿ. ಉಗಿಯಂತ್ರವಾಗಿದ್ದರೆ ಬೆಂಕಿಯನ್ನು ನೋಡಿಕೊಳ್ಳಲು ಆಳು ಬೇಕಾಗುತ್ತಿತ್ತು. ಟಾರ್ಪೀಡೋಗಳಲ್ಲಿ ಬಳಕೆಯಲ್ಲಿದ್ದ ಒತ್ತಿದ ಗಾಳಿಯನ್ನು ನಿಲ್ಲಿಸಿ ಮತ್ತೆ ಹೊರಡಿಸಲು ಕವಾಟಗಳು ಬೇಕು. ಆ ಕವಾಟಗಳನ್ನು ತಿರುಗಿಸಲು ಮತ್ತೊಂದು ಯಂತ್ರ ಬೇಕು. ವಿದ್ಯುತ್ ಮೋಟಾರನ್ನು ನಿಲ್ಲಿಸಲು, ಹೊರಡಿಸಲು, ಹಿಂದುಮುಂದಾಗಿ ತಿರುಗಿಸಲು ಒಂದು ಸಂಪರ್ಕವನ್ನು ಕೂಡಿಸಿ ಬಿಡಿಸಿದರೆ ಸಾಕು. ಸಂಚಯಕದ ಭಾರವೂ ದೋಣಿಗೆ ದೋಷವಲ್ಲ. ತಳದಲ್ಲಿ ಕೂತ ಭಾರ ದೋಣಿ ಹೊರಳದಂತೆ ಹಿಡಿಯುತ್ತದೆ. ತಾನು ಪ್ರೀತಿಸಿದ ಪದ್ಧತಿಯನ್ನು ಬಿಟ್ಟು ಕೆಲಸಕ್ಕೆ ಒದಗುವ ಪದ್ಧತಿಯನ್ನು ಹಿಡಿದುದರಲ್ಲಿ ಟೆಸ್ಲಾನ ವಿವೇಕ ಕಾಣುತ್ತದೆ. ಮರುವರ್ಷವೇ, 1899ರಲ್ಲಿ, ಕೊಲೊರಾಡೋ ಸ್ಪ್ರಿಂಗ್ಸಿಗೆ ಹೋಗಿ ತಂತಿಯಿಲ್ಲದೆ ಶಕ್ತಿಯನ್ನೇ ಕಳುಹಿಸುವ ಪ್ರಯೋಗದಲ್ಲಿ ತೊಡಗಿದವನು ಇವನೇ. ಆ ಮಹತ್ತ್ವಾಕಾಂಕ್ಷೆ ಫಲಿಸಲಿಲ್ಲ. ಸಂಚಯಕವನ್ನು ನಂಬಿದ ದೋಣಿ ಮಾತ್ರ ನಡೆಯಿತು.

3. ಗ್ರಾಹಕದ ದೌರ್ಬಲ್ಯ

ಶಕ್ತಿ ಒಳಗೇ ಇದ್ದಮೇಲೆ ಹೊರಗಿನಿಂದ ಬರಬೇಕಾದದ್ದು ಅಪ್ಪಣೆಯೊಂದೇ. ದೋಣಿಯ ಮೇಲೆ ನೆಟ್ಟಗೆ ನಿಂತ ಕಂಬದ ತುದಿಯಲ್ಲಿ ತರಂಗವನ್ನು ಹಿಡಿಯುವ ಲೋಹದ ಫಲಕವಿತ್ತು. ಅಲ್ಲಿಂದ ಇಳಿದ ತಂತಿ ಕೊಹೀರರನ್ನು ಹಾದು ದೋಣಿಯ ತಳದ ಲೋಹಪಟ್ಟಿಯನ್ನು ಮುಟ್ಟುತ್ತಿತ್ತು. ಹೀಗೆ ನೀರೇ ಭೂಸಂಪರ್ಕದ ಕೆಲಸವನ್ನು ಮಾಡುತ್ತಿತ್ತು. ಫಲಕವನ್ನು ಸಾಧ್ಯವಾದಷ್ಟು ಎತ್ತರದಲ್ಲಿ ಇಡಬೇಕೆಂದೂ ತಂತಿಯನ್ನು ಚೆನ್ನಾಗಿ ಅವಾಹಕದಿಂದ ರಕ್ಷಿಸಬೇಕೆಂದೂ ಪತ್ರದಲ್ಲಿ ಸೂಚಿಸಿದೆ.

ಕೊಹೀರರಿನ ದೋಷವೇನೆಂದರೆ, ಒಮ್ಮೆ ಅಂಟಿಕೊಂಡ ಕಣಗಳು ತಾವಾಗಿ ಬಿಡಿಸಿಕೊಳ್ಳುವುದಿಲ್ಲ. ಮೊದಲನೆಯ ಸಂಕೇತಕ್ಕೆ ಎಚ್ಚೆತ್ತ ಸಾಧನ ಎರಡನೆಯದಕ್ಕೆ ಕಿವುಡಾಗುತ್ತದೆ. ಪ್ರಯೋಗಶಾಲೆಯಲ್ಲಿ ನಳಿಕೆಯನ್ನು ಬೆರಳಿನಿಂದ ತಟ್ಟಿ ಕಣಗಳನ್ನು ಸಡಿಲಿಸಬಹುದು. ಕೊಳದ ನಡುವೆ ತಟ್ಟುವವರಾರು? ಟೆಸ್ಲಾ ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ಆಕ್ಸೈಡು ಲೇಪವಾದ ಲೋಹದ ಕಣಗಳನ್ನು ಒಂದು ಸಣ್ಣ ಉರುಳೆಯಲ್ಲಿ ಹಾಕಿ, ಪ್ರತಿ ಸಂಕೇತ ಬಂದಮೇಲೆ ಗಡಿಯಾರದ ಯಂತ್ರದಂಥ ಒಂದು ಯಂತ್ರ ಆ ಉರುಳೆಯನ್ನು ತಲೆಕೆಳಗಾಗಿ ತಿರುಗಿಸುವಂತೆ ಮಾಡಿದನು. ಮರಳು ಗಡಿಯಾರದಲ್ಲಿ ಮರಳು ಬೀಳುವಂತೆ ಕಣಗಳು ಕೆಳಕ್ಕೆ ಸುರಿದು, ಬಿಡಿಬಿಡಿಯಾಗಿ, ಮುಂದಿನ ಸಂಕೇತಕ್ಕೆ ಸಿದ್ಧವಾಗುತ್ತಿದ್ದುವು. ಇದೇ ದೋಷದ ಮೇಲೆ ಬೋಸರೂ ಕೆಲಸಮಾಡುತ್ತಿದ್ದರು. ತಾನಾಗಿ ಚೇತರಿಸಿಕೊಳ್ಳುವ ಕೊಹೀರರನ್ನು ಕುರಿತು ಅವರ ಪ್ರಬಂಧ 1899ರಲ್ಲಿ ರಾಯಲ್ ಸೊಸೈಟಿಯಲ್ಲಿ ಮಂಡಿತವಾಯಿತು. ಒಂದೇ ತೊಡಕನ್ನು ಒಬ್ಬನು ಯಂತ್ರದ ಚಲನೆಯಿಂದ ಪರಿಹರಿಸಿದನು, ಮತ್ತೊಬ್ಬರು ದ್ರವ್ಯದ ಗುಣವನ್ನೇ ಶೋಧಿಸಿ ಪರಿಹರಿಸಿದರು.

4. ಎರಡೇ ಉತ್ತರದಿಂದ ನಾಲ್ಕು ಅಪ್ಪಣೆ

ಕೊಹೀರರಿನ ಮತ್ತೊಂದು ಮಿತಿ ಇನ್ನೂ ಗಂಭೀರವಾದುದು. ಅದಕ್ಕೆ ಗೊತ್ತಿರುವುದು ಎರಡೇ ಉತ್ತರ: ತರಂಗ ಬಂದಿತು, ಅಥವಾ ಬರಲಿಲ್ಲ. ಎಡಕ್ಕೆ, ಬಲಕ್ಕೆ, ನಿಲ್ಲು ಎಂಬ ಭೇದಗಳನ್ನು ಅದು ಅರಿಯದು. ಹೀಗಿರುವಲ್ಲಿ ಒಂದೇ ಬಗೆಯ ಸಂಕೇತದಿಂದ ಹಲವು ಕಾರ್ಯಗಳನ್ನು ಮಾಡಿಸುವುದು ಹೇಗೆ? ಸಮಗ್ರ ರಚನೆಯ ಕೀಲಿಕೈ ಈ ಪ್ರಶ್ನೆಯ ಉತ್ತರದಲ್ಲಿದೆ.

ಕೊಹೀರರಿನಲ್ಲಿ ಹರಿದ ಸಣ್ಣ ಪ್ರವಾಹ ಮೋಟಾರನ್ನು ತಿರುಗಿಸಲಾರದು. ಅದು ಒಂದು ರಿಲೇಯನ್ನು ಎಳೆಯುತ್ತದೆ. ತಂತಿವಾರ್ತೆಯ ಕಚೇರಿಗಳಲ್ಲಿ ದಶಕಗಳಿಂದ ಬಳಕೆಯಲ್ಲಿದ್ದ ರಿಲೇ, ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹದ ಬಾಗಿಲನ್ನು ತೆರೆಯುವ ಸಾಧನ. ಇಲ್ಲಿ ಅದು ಪ್ರತಿ ಸಂಕೇತಕ್ಕೂ ಒಂದು ಚಕ್ರವನ್ನು ಒಂದೇ ಒಂದು ಹೆಜ್ಜೆ ಮುಂದಕ್ಕೆ ಬಿಡುತ್ತದೆ. ಆ ಚಕ್ರದ ಮೇಲೆ ವಾಹಕ ಭಾಗಗಳೂ ಅವಾಹಕ ಭಾಗಗಳೂ ಸರದಿಯಾಗಿವೆ. ಮೊದಲನೆಯ ಹೆಜ್ಜೆಯಲ್ಲಿ ಚುಕ್ಕಾಣಿಯ ಮೋಟಾರು ಒಂದು ಕಡೆಗೆ ತಿರುಗುತ್ತದೆ, ಎರಡನೆಯದರಲ್ಲಿ ನಿಲ್ಲುತ್ತದೆ, ಮೂರನೆಯದರಲ್ಲಿ ಇನ್ನೊಂದು ಕಡೆಗೆ ತಿರುಗುತ್ತದೆ, ನಾಲ್ಕನೆಯದರಲ್ಲಿ ಮತ್ತೆ ನಿಲ್ಲುತ್ತದೆ. ಸಂಕೇತದಲ್ಲಿ ಇಲ್ಲದ ಭೇದವನ್ನು ಸಂಕೇತಗಳ ಸರದಿಯಲ್ಲಿ ಇಟ್ಟದ್ದೇ ಈ ಯುಕ್ತಿಯ ತಿರುಳು. ದಡದಲ್ಲಿ ನಿಂತವನ ಪೆಟ್ಟಿಗೆಯ ಮೇಲೂ ನಾಲ್ಕು ಸಂಪರ್ಕಬಿಂದುಗಳಿದ್ದು, ಅವುಗಳ ಮೇಲೆ ಒಂದು ಹಿಡಿಕೆ ಸರಿಯುತ್ತಿತ್ತು.

ಚುಕ್ಕಾಣಿಗೆ ಪ್ರತ್ಯೇಕವಾದ ಚಿಕ್ಕ ಮೋಟಾರಿತ್ತು. ಅದರ ದಂಡದ ತುದಿಯಲ್ಲಿ ತಿರುಪನ್ನು ಕೆತ್ತಿ ಹಲ್ಲುಚಕ್ರದೊಡನೆ ಹೆಣೆದಿತ್ತು. ಈ ಬಗೆಯ ಹೆಣಿಗೆಯಲ್ಲಿ ತಿರುಪು ಚಕ್ರವನ್ನು ತಿರುಗಿಸುತ್ತದೆ. ಚಕ್ರ ತಿರುಪನ್ನು ತಿರುಗಿಸುವುದು ಕಷ್ಟ. ಆದ್ದರಿಂದ ಮೋಟಾರು ನಿಂತಾಗ ಚುಕ್ಕಾಣಿ ನೀರಿನ ಒತ್ತಡಕ್ಕೆ ಜಗ್ಗದೆ ಇದ್ದಲ್ಲಿಯೇ ನಿಲ್ಲುತ್ತದೆ; ಅದನ್ನು ಹಿಡಿದು ನಿಲ್ಲಿಸಲು ಸಂಚಯಕದ ಶಕ್ತಿಯನ್ನು ವೆಚ್ಚಮಾಡಬೇಕಾಗಿಲ್ಲ.

ಈ ವ್ಯವಸ್ಥೆಯ ಕೊರತೆಯನ್ನೂ ಮರೆಮಾಡಬಾರದು. ಎಡಕ್ಕೆ ತಿರುಗಿಸಿ ನಿಲ್ಲಿಸಿದ ಚುಕ್ಕಾಣಿಯನ್ನು ಇನ್ನೂ ಸ್ವಲ್ಪ ಎಡಕ್ಕೆ ತಿರುಗಿಸಬೇಕಾದರೆ ಒಂದು ಸಂಕೇತ ಸಾಲದು. ಬಲಕ್ಕೆ, ನಿಲ್ಲು, ಎಡಕ್ಕೆ ಎಂದು ಮೂರು ಸಂಕೇತಗಳನ್ನು ಬೇಗಬೇಗ ಕಳುಹಿಸಬೇಕು. ನಡುವೆ ಒಂದು ಸಂಕೇತ ತಪ್ಪಿದರೆ, ಅಥವಾ ಬೇರೆಲ್ಲಿಯೋ ಸಿಡಿದ ಕಿಡಿಯಿಂದ ಒಂದು ಹೆಚ್ಚಿದರೆ, ದಡದ ಹಿಡಿಕೆಗೂ ದೋಣಿಯ ಚಕ್ರಕ್ಕೂ ಹೊಂದಿಕೆ ತಪ್ಪುತ್ತದೆ. ಚುಕ್ಕಾಣಿ ಈಗ ಎಲ್ಲಿದೆಯೆಂಬ ವರದಿಯನ್ನು ದೋಣಿ ಹಿಂದಕ್ಕೆ ಕಳುಹಿಸುವುದಿಲ್ಲ. ನಡೆಸುವವನ ಕಣ್ಣೇ ಆ ವರದಿಗಾರ. ಕಣ್ಣಿಗೆ ಕಾಣದಷ್ಟು ದೂರ ಹೋದ ದೋಣಿ ಸ್ವಾಧೀನದಲ್ಲಿರಲಾರದು.

5. ಪರರ ತರಂಗದಿಂದ ರಕ್ಷಣೆ

ಪ್ರದರ್ಶನದ ಕೊಳದಲ್ಲಿ ಕಾಣದ ಇನ್ನೊಂದು ತೊಡಕು ಯುದ್ಧದ ಮಾತು ಬಂದೊಡನೆ ಎದುರಾಗುತ್ತದೆ. ಯಾರ ಕಿಡಿಗಾದರೂ ಓಗೊಡುವ ದೋಣಿ ಶತ್ರುವಿನ ಕಿಡಿಗೂ ಓಗೊಡುತ್ತದೆ. ಗ್ರಾಹಕವನ್ನು ಪ್ರೇಷಕದ ಆವರ್ತನಕ್ಕೆ ಶ್ರುತಿಗೂಡಿಸಬೇಕೆಂದು ಟೆಸ್ಲಾ 1898ರ ಪತ್ರದಲ್ಲಿಯೇ ಹೇಳಿದ್ದನು. 1900ರಲ್ಲಿ ಅರ್ಜಿ ಸಲ್ಲಿಸಿ 1903ರಲ್ಲಿ ಪಡೆದ 723,188 ಮತ್ತು 725,605 ಸಂಖ್ಯೆಯ ಪೇಟೆಂಟುಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೇರೆಬೇರೆ ಆವರ್ತನದ ಎರಡು ಅಥವಾ ಹೆಚ್ಚು ತರಂಗಗಳು ಕೂಡಿ ಬಂದಾಗ ಮಾತ್ರ ಯಂತ್ರ ಚಲಿಸುವಂತೆ ಯೋಜಿಸಿದನು. ಎರಡು ಬೀಗದ ಕೈಗಳು ಒಟ್ಟಿಗೆ ಸೇರಿದರೆ ಮಾತ್ರ ತೆರೆಯುವ ಖಜಾನೆಯಂತೆ ಇದು. ಈ ಚಿಂತೆ ಮುಂದೆಯೂ ಉಳಿಯಿತು. 1942ರಲ್ಲಿ ಹೆಡಿ ಲಮಾರ್ ಮತ್ತು ಜಾರ್ಜ್ ಆಂಥೈಲ್ ಎಂಬವರು ಟಾರ್ಪೀಡೋವಿನ ನಿಯಂತ್ರಣಕ್ಕಾಗಿಯೇ ಪಡೆದ ಪೇಟೆಂಟಿನಲ್ಲಿ, ಆವರ್ತನವನ್ನು ಇಬ್ಬರಿಗೆ ಮಾತ್ರ ಗೊತ್ತಿರುವ ಕ್ರಮದಲ್ಲಿ ಬದಲಾಯಿಸುತ್ತಿರುವ ಉಪಾಯವನ್ನು ಸೂಚಿಸಿದರು.

6. ಉತ್ತರಾಧಿಕಾರ

ಟೆಸ್ಲಾನ ದೋಣಿಯನ್ನು ಸರ್ಕಾರ ಕೊಳ್ಳಲಿಲ್ಲ. ವಾಷಿಂಗ್ಟನ್ನಿನ ಅಧಿಕಾರಿಯೊಬ್ಬನು ತನ್ನ ಮಾತನ್ನು ಕೇಳಿ ನಕ್ಕುಬಿಟ್ಟನೆಂದು ಅವನು ಬರೆದಿದ್ದಾನೆ. ನಗು ಅವಿವೇಕವಾಗಿರಬಹುದು, ಸಂಶಯಕ್ಕೆ ಮಾತ್ರ ಆಧಾರವಿತ್ತೆಂಬುದು ಮೇಲಿನ ವಿವೇಚನೆಯಿಂದ ತಿಳಿಯುತ್ತದೆ. ಸ್ಪೇನಿನ ಲಿಯೊನಾರ್ದೊ ತೊರೆಸ್ ಕೆವೆದೊ ತನ್ನ ಟೆಲಿಕೀನೊ ಎಂಬ ಉಪಕರಣವನ್ನು 1903ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. 1906ರಲ್ಲಿ ಬಿಲ್ಬಾವೋ ಬಂದರಿನಲ್ಲಿ, ದೊರೆ ಹದಿಮೂರನೆಯ ಆಲ್ಫಾನ್ಸೋವಿನ ಸಮಕ್ಷಮದಲ್ಲಿ, ಅದರಿಂದ ಒಂದು ದೋಣಿಯನ್ನು ನಡೆಸಿದನು. ಇಷ್ಟಾದರೂ ಮೊದಲನೆಯ ಮಹಾಯುದ್ಧದಲ್ಲಿ, 1917ರ ಅಕ್ಟೋಬರ್ 28ರಂದು, ಬ್ರಿಟಿಷ್ ಯುದ್ಧನೌಕೆ ಎರೆಬಸ್‌ಗೆ ಬಡಿದ ಜರ್ಮನರ ಆಳಿಲ್ಲದ ದೋಣಿಗೆ ಅಪ್ಪಣೆ ಹೋದದ್ದು ತರಂಗದಿಂದಲ್ಲ, ಹಿಂದೆ ಬಿಚ್ಚಿಕೊಳ್ಳುತ್ತ ಹೋದ ಉದ್ದನೆಯ ತಂತಿಯಿಂದ. ಆದರೆ ಅದನ್ನು ಓಡಿಸಿದ ಎಂಜಿನ್ನು ದೋಣಿಯೊಳಗೇ ಇತ್ತು. ಟೆಸ್ಲಾನ ತರಂಗವನ್ನು ನಂಬದಿದ್ದವರೂ ಅಪ್ಪಣೆಯನ್ನೂ ಶಕ್ತಿಯನ್ನೂ ಬೇರ್ಪಡಿಸಿದ್ದರು.

ಹವ್ಯಾಸಿಗಳ ಕೈಗೆ ಈ ವಿದ್ಯೆ ಬಂದದ್ದು 1930ರ ದಶಕದ ಕೊನೆಯ ಭಾಗದಿಂದ. ಆಗ ಕೊಹೀರರಿನ ಸ್ಥಾನದಲ್ಲಿ ವ್ಯಾಕ್ಯೂಮ್ ವಾಲ್ವು ಬಂದಿತ್ತು. ಆದರೂ ಒಂದೇ ವಾಹಿನಿಯ ಅವರ ಗ್ರಾಹಕ ಎರಡು ಉತ್ತರಗಳನ್ನಷ್ಟೇ ಬಲ್ಲುದಾಗಿತ್ತು. ಆದ್ದರಿಂದ ತಿರುಚಿದ ರಬ್ಬರಿನಿಂದ ತಿರುಗುವ ಎಸ್ಕೇಪ್‌ಮೆಂಟ್ ಎಂಬ ಚಿಕ್ಕ ಯಂತ್ರ ಅವರ ಚುಕ್ಕಾಣಿಯನ್ನು ಎಡ, ನಡು, ಬಲ, ನಡು ಎಂಬ ಸರದಿಯಲ್ಲಿ ತಿರುಗಿಸುತ್ತಿತ್ತು. ಐವತ್ತು ವರ್ಷಗಳ ಬಳಿಕವೂ ಅದೇ ತೊಡಕು ಅದೇ ಪರಿಹಾರವನ್ನು ಕೇಳಿತು.

ಇಂದು ಮೊದಲ ಸಲ ನಿಸ್ತಂತು ದೋಣಿಯನ್ನು ಕಟ್ಟಲು ಹೊರಟ ವಿದ್ಯಾರ್ಥಿ ಅಂಗಡಿಯಲ್ಲಿ ಸಿದ್ಧ ಭಾಗಗಳನ್ನು ಕೊಳ್ಳುತ್ತಾನೆ: ಲಿಥಿಯಮ್ ಬ್ಯಾಟರಿ, ಬ್ರಷ್ಷಿಲ್ಲದ ಮೋಟಾರು, ಅದರ ವೇಗವನ್ನು ಆಳುವ ನಿಯಂತ್ರಕ, ಚುಕ್ಕಾಣಿಗೆ ಸರ್ವೋ, 2.4 ಗಿಗಾಹರ್ಟ್ಸ್ ಆವರ್ತನದ ಪ್ರೇಷಕ ಮತ್ತು ಗ್ರಾಹಕ. ಹೆಸರುಗಳು ಹೊಸವು, ಪ್ರಶ್ನೆಗಳು ಹಳೆಯವು. ಶಕ್ತಿಯನ್ನು ಎಲ್ಲಿ ಕೂಡಿಡಬೇಕು? ಸಣ್ಣ ಸಂಕೇತ ದೊಡ್ಡ ಪ್ರವಾಹವನ್ನು ಹೇಗೆ ಆಳಬೇಕು? ಪರರ ತರಂಗ ಒಳಗೆ ಬಾರದಂತೆ ಹೇಗೆ ತಡೆಯಬೇಕು? ರಿಲೇಯ ಕೆಲಸವನ್ನು ಈಗ ವೇಗ ನಿಯಂತ್ರಕದೊಳಗಿನ ಟ್ರಾನ್ಸಿಸ್ಟರುಗಳು ಮಾಡುತ್ತವೆ. ಹಲವು ಗ್ರಾಹಕಗಳು ತಮ್ಮ ಪ್ರೇಷಕದ ಗುರುತನ್ನು ಮೊದಲೇ ಕಲಿತು, ಅದರೊಡನೆ ಆವರ್ತನದಿಂದ ಆವರ್ತನಕ್ಕೆ ಜಿಗಿಯುತ್ತ, ಅನ್ಯರ ಸಂಕೇತವನ್ನು ಲೆಕ್ಕಿಸುವುದಿಲ್ಲ. ಸರ್ವೋ ತಾನು ಎಷ್ಟು ತಿರುಗಿದೆನೆಂಬುದನ್ನು ತಾನೇ ಅಳೆದು, ಅಪ್ಪಣೆಯೊಡನೆ ಹೋಲಿಸಿ, ವ್ಯತ್ಯಾಸ ಇಲ್ಲವಾಗುವವರೆಗೆ ತಿರುಗುತ್ತದೆ. ಟೆಸ್ಲಾನ ನಾಲ್ಕು ಹೆಜ್ಜೆಯ ಚಕ್ರಕ್ಕೆ ಇಲ್ಲದಿದ್ದ ಗುಣ ಇದೊಂದೇ. ನೀರು ಈ ಆವರ್ತನದ ತರಂಗವನ್ನು ಹೀರಿಬಿಡುವುದರಿಂದ ಗ್ರಾಹಕದ ಆಂಟೆನಾವನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕೆಂಬ ಬುದ್ಧಿವಾದವನ್ನು ಕೇಳುವಾಗ, ಫಲಕವನ್ನು ಎತ್ತರದಲ್ಲಿಡಬೇಕೆಂಬ 1898ರ ಮಾತನ್ನು ನೆನೆಯಬಹುದು.

7. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಟೆಸ್ಲಾನ ದೋಣಿಯ ಭಾಗಗಳಲ್ಲಿ ಬಹುಪಾಲು ಅವನದಲ್ಲ: ಸಂಚಯಕ ಪ್ಲಾಂಟೆಯದು, ಕೊಹೀರರು ಬ್ರಾನ್ಲಿಯದು, ರಿಲೇ ತಂತಿವಾರ್ತೆಯದು. ಅವುಗಳಲ್ಲಿ ಅತ್ಯಂತ ದುರ್ಬಲವಾದುದು ಕೊಹೀರರು. ಅದರ ಎರಡು ದೌರ್ಬಲ್ಯಗಳೇ ತಿರುಗುವ ಉರುಳೆಯನ್ನೂ ಹೆಜ್ಜೆಯ ಚಕ್ರವನ್ನೂ ಬೇಡಿದುವು. ಒಂದು ಭಾಗದ ಕೊರತೆಗೆ ತಕ್ಕಂತೆ ಮಿಕ್ಕ ಭಾಗಗಳನ್ನು ಆರಿಸಿ ಹೊಂದಿಸಿದ್ದರಲ್ಲಿ ಅವನ ಪ್ರತಿಭೆ ಇದೆ. ಇದನ್ನು ತಿಳಿದರೆ ಅವನ ಹಿರಿಮೆ ಕುಗ್ಗುವುದಿಲ್ಲ. ಅದು ನಮ್ಮ ವಿದ್ಯಾರ್ಥಿಗಳು ಅನುಸರಿಸಬಹುದಾದ ಹಿರಿಮೆಯಾಗುತ್ತದೆ.

ಎರಡನೆಯದು, ಅಪ್ಪಣೆಯನ್ನೂ ಶಕ್ತಿಯನ್ನೂ ಬೇರ್ಪಡಿಸಿದ್ದರಿಂದ ಅಪ್ಪಣೆ ಕೊಡುವವನು ಅಪಾಯದಿಂದಲೂ ಬೇರೆಯಾದನು. ಆ ದೋಣಿ ಹುಟ್ಟಿದ್ದು ಸ್ಪೇನಿಗೂ ಅಮೆರಿಕಕ್ಕೂ ಯುದ್ಧ ನಡೆದ ವರ್ಷದಲ್ಲಿ. ಜೀವರಕ್ಷಣೆಗೆ, ಟಪಾಲು ಸಾಗಿಸುವುದಕ್ಕೆ, ದುರ್ಗಮ ಪ್ರದೇಶಗಳ ಶೋಧನೆಗೆ ಇಂಥ ನೌಕೆಗಳು ಒದಗುತ್ತವೆಂದು ಟೆಸ್ಲಾ ತನ್ನ ಪತ್ರದಲ್ಲಿ ಬರೆದನು. ಆದರೆ ಹೆಚ್ಚಿನ ಬೆಲೆ ಯುದ್ಧದಲ್ಲಿಯೆಂದೂ, ವಿನಾಶ ನಿಶ್ಚಿತವೂ ಅಪಾರವೂ ಆದಾಗ ರಾಷ್ಟ್ರಗಳಲ್ಲಿ ಶಾಶ್ವತ ಶಾಂತಿ ನೆಲೆಗೊಳ್ಳುವುದೆಂದೂ ಸೇರಿಸಿದನು. ಅನಂತರದ ಎರಡು ಮಹಾಯುದ್ಧಗಳು ಈ ಆಶಯವನ್ನು ಸಮರ್ಥಿಸಲಿಲ್ಲ. 1900ರಲ್ಲಿ ಪ್ರಕಟಿಸಿದ ಒಂದು ದೀರ್ಘ ಲೇಖನದಲ್ಲಿ, ಯಂತ್ರಕ್ಕೆ ಇರುವುದು ದೂರದಲ್ಲಿ ನಿಂತವನಿಂದ ಎರವಲು ಪಡೆದ ಬುದ್ಧಿಯೆಂದು ಅವನೇ ವಿವರಿಸಿದ್ದಾನೆ. ಆ ಮಾತನ್ನು ಒಪ್ಪಿದರೆ ಯಂತ್ರದ ಕೃತ್ಯದ ಹೊಣೆಯೂ ಬುದ್ಧಿಯನ್ನು ಎರವಲು ಕೊಟ್ಟವನ ಮೇಲೆಯೇ ನಿಲ್ಲಬೇಕಾಗುತ್ತದೆ. ಕೊಳದ ದಡದಲ್ಲಿ ಪೆಟ್ಟಿಗೆಯನ್ನು ಹಿಡಿದು ನಿಂತ ವಿದ್ಯಾರ್ಥಿಗೆ ಚುಕ್ಕಾಣಿ ಹೇಗೆ ತಿರುಗುತ್ತದೆಂಬುದನ್ನು ಕಲಿಸುವಾಗ ಅಧ್ಯಾಪಕರು ಇದನ್ನೂ ಕಲಿಸುವುದು ಉಚಿತ.